ಬಲಕ್ಕೆ ವಾಲಿದ ಗೆರೆ

ಆ ದಳದಲ್ಲಿ ವಿಮಾನಗಳು ಸವತಿಯರಂತೆ ಎರಡು ಬಗೆಯವು. ಸೋವಿಯತ್ ಕಾಲದಿಂದ ಉಳಿದ, ತೇಪೆಯ ಮೇಲೆ ತೇಪೆ ಬಿದ್ದ ಮಿಗ್‌ಗಳು ಒಂದು ಕಡೆ. ಪಶ್ಚಿಮದ ದೇಶಗಳು ತಾವು ಬಳಸಿ ಬಿಟ್ಟು ಉಕ್ರೇನಿಗೆ ಕೊಟ್ಟ, ಇಲ್ಲಿಯವರ ಪಾಲಿಗೆ ಹೊಚ್ಚ ಹೊಸದಾದವು ಇನ್ನೊಂದು ಕಡೆ. ವಾಯುಪಡೆ ಹೊಸದಾಗುತ್ತಿದೆ ಎಂದು ರಾಜಧಾನಿಯಲ್ಲಿ ಕೂತವರು ಹೇಳುತ್ತಿದ್ದರು. ಹೇಳಲಿ, ಸಂತೋಷ. ಆದರೆ ತಲೆಯ ಮೇಲೆ ದಿನವೂ ಕ್ಷಿಪಣಿ ಬೀಳುವಾಗ ಪಡೆಯನ್ನು ಹೊಸದು ಮಾಡುವುದೆಂದರೆ ಓಡುವ ಬಂಡಿಗೆ ಗಾಲಿ ಬದಲಿಸಿದ ಹಾಗೆ. ಯಾರದಾದರೂ ಕೈ ಅದರಲ್ಲಿ ಸಿಕ್ಕಿಕೊಳ್ಳದೆ ಇರುವುದಿಲ್ಲ.

ಝೆನೊವಿ ಹ್ರಿತ್ಸಾಕ್ ಮಿಗ್‌ನವನು. ಹೊಸ ವಿಮಾನ ಕಲಿಯಲು ಹೊರದೇಶಕ್ಕೆ ಹೋಗು ಎಂದಾಗ ಒಲ್ಲೆ ಎಂದಿದ್ದ. ನಲವತ್ತು ದಾಟಿದ ಮೇಲೆ ಶಾಲೆಯ ಹುಡುಗನಂತೆ ಇಂಗ್ಲಿಷ್ ಬಾಯಿಪಾಠ ಮಾಡುವುದು ಅವನ ಜಂಬಕ್ಕೆ ಒಗ್ಗಲಿಲ್ಲ. ಹೋಗಿ ಕಲಿತು ಬಂದವನು ಸೆವೆರಿನ್. ಅವನಿಗೆ ಮೊದಲು ಹಾರಲು ಕಲಿಸಿದವನು, ಅದೂ ಹಳೆಯ ವಿಮಾನದಲ್ಲಿ, ಝೆನೊವಿಯೇ. ಒಡಹುಟ್ಟಿದ ತಮ್ಮನಿದ್ದರೂ ಅಷ್ಟು ಹಚ್ಚಿಕೊಳ್ಳುತ್ತಿದ್ದನೋ ಇಲ್ಲವೋ. ವಿಮಾನಗಳು ಸಾಲದೆ ಹಳೆಯದೂ ಹೊಸದೂ ಜೋಡಿಯಾಗಿ ಏರುತ್ತಿದ್ದ ಕಾಲ ಅದು. ಝೆನೊವಿ ಮುಂದೆ, ಸೆವೆರಿನ್ ಅವನ ಬೆನ್ನಿಗೆ.

ಅವತ್ತು ಬೆಳಿಗ್ಗೆ ನೆಲಮಾಳಿಗೆಯಲ್ಲಿ ಕೂತು ಇಬ್ಬರೂ ಗೋಧಿಗಂಜಿ ತಿನ್ನುತ್ತಿದ್ದರು. ಸೆವೆರಿನ್‌ನ ಅಕ್ಕನ ಗಂಡ ಹೊರ್ದಿಯೂ ಇದ್ದ. ಅವನು ಅದೇ ದಳದ ಮೆಕ್ಯಾನಿಕ್. ಕರಡಿಯಂಥ ಆಳು, ಮಾತು ಮಾತ್ರ ಚೂಪು.

“ಅಣ್ಣಾ, ನಿಮ್ಮ ಮಿಗ್‌ಗೆ ಪಿಂಚಣಿ ಯಾವಾಗ?” ಎಂದ ಸೆವೆರಿನ್.

“ನಿನ್ನ ವಿಮಾನಕ್ಕೆ ಬುದ್ಧಿ ಬಂದ ದಿನ. ಅಲ್ಲ ಕಣೋ, ವಿಮಾನ ವಾಲಿದ್ರೆ ಭೂಮಿನೇ ವಾಲಿತು ಅಂತ ತೋರಿಸುತ್ತಲ್ಲೋ ನಿನ್ನ ಯಂತ್ರ! ಅದೆಂಥ ಸುಳ್ಳುಬುರುಕ ದಿಗಂತವೋ?”

“ಒಳಗೆ ಕೂತವನ ಕಣ್ಣಿಗೆ ಹಂಗೇ ಅಲ್ವಾ ಕಾಣೋದು? ನಿಮ್ಮದು ಹೊರಗೆ ನಿಂತು ನೋಡೋ ದನ ಕಾಯೋವನ ಲೆಕ್ಕ.”

“ಬಿಡೋ, ಅವ್ನು ಕೇಳಲ್ಲ,” ಎಂದ ಹೊರ್ದಿ. “ಹಳೇ ಗಂಡನ ಪಾದವೇ ಗತಿ ಅಂತ ಮಿಗ್ ತಬ್ಬಿಕೊಂಡು ಕೂತವ್ನೆ.”

ಇದು ಅವರ ನಿತ್ಯದ ಜಗಳ. ಮೋಡದೊಳಗೆ ಹೊಕ್ಕ ಹಾರಾಟಗಾರನಿಗೆ ಮೇಲು ಯಾವುದು ಕೆಳಗು ಯಾವುದು ಎಂದು ಹೇಳುವ ದಿಗಂತ ಎಂಬ ಒಂದು ದುಂಡನೆಯ ಉಪಕರಣ ಎದುರಿಗಿರುತ್ತದೆ. ಮಿಗ್‌ನಲ್ಲಿ ನೆಲದ ಗೆರೆ ಅಲ್ಲಾಡದು, ಪುಟ್ಟ ವಿಮಾನದ ಗೊಂಬೆ ವಾಲುತ್ತದೆ. ಗೊಂಬೆ ಬಲಕ್ಕೆ ಬಾಗಿದರೆ ನೀನೂ ಬಲಕ್ಕೆ ಬಾಗಿದ್ದೀಯ, ಎಡಕ್ಕೆ ತಿರುಗಿಸಿಕೋ. ಹೊಸದರಲ್ಲಿ ಗೊಂಬೆ ನೆಟ್ಟಗಿದ್ದು ಗೆರೆ ವಾಲುತ್ತದೆ. ಗೆರೆ ಬಲಕ್ಕೆ ಇಳಿದಿದ್ದರೆ ನೀನು ಎಡಕ್ಕೆ ಬಾಗಿದ್ದೀಯ ಎಂದರ್ಥ, ಬಲಕ್ಕೇ ತಿರುಗಿಸಬೇಕು. ಪೂರಾ ತಿರುವುಮುರುವು.

ಸೈರನ್ ಕೂಗಿತು. ಗಂಜಿ ತಟ್ಟೆಯಲ್ಲೇ ಉಳಿಯಿತು, ಇಬ್ಬರೂ ಜೋಡಿಯಾಗಿ ಏರಿದರು.

ದಕ್ಷಿಣದಿಂದ ಐದಾರು ಕ್ಷಿಪಣಿಗಳು ವಿದ್ಯುತ್ ಸ್ಥಾವರದ ಊರಿನ ಕಡೆ ನೆಲಕ್ಕೆ ತಾಗಿಕೊಂಡೇ ಬರುತ್ತಿದ್ದವು. ಹಿಂದಿನ ವಾರ ಅದೇ ಊರಿನ ಹೆರಿಗೆ ಆಸ್ಪತ್ರೆಯ ಮೇಲೆ ಒಂದು ಬಿದ್ದಿತ್ತು. ತಾಯಂದಿರನ್ನು ಕಂಬಳಿಯಲ್ಲಿ ಕಟ್ಟಿ ಹೊರಗೆ ತಂದದ್ದನ್ನು ಝೆನೊವಿ ಕಣ್ಣಾರೆ ನೋಡಿದ್ದ. ಆ ಮೇಲೆ ಅವನಿಗೆ ಒಳಗೊಳಗೇ ಒಂದು ಉರಿ. ಮೋಡದ ಅಡಿಯಲ್ಲಿ ಮೊದಲನೆಯ ಕ್ಷಿಪಣಿ ಕಂಡದ್ದೇ ಹಲ್ಲು ಕಚ್ಚಿ ಹೊಡೆದ. ಅದು ಮುರಿದು ಬೀಟ್ರೂಟ್ ಹೊಲದಂಚಿನ ಒಂದು ಮನೆಯ ಮೇಲೆ ಬಿತ್ತು. ಮಾಡು ಹಾರಿತು, ಗೋಡೆ ಹಾರಿತು, ಅಂಗಳದ ಕುದುರೆಯೊಂದು ಉರಿಯುತ್ತಲೇ ಓಡಿತು. ಮನೆಯೊಳಗೆ ಯಾರಿದ್ದರೋ. ನೋಡಲು ಪುರುಸೊತ್ತಿರಲಿಲ್ಲ, ನೋಡುವ ಧೈರ್ಯವೂ ಇರಲಿಲ್ಲ.

“ಇನ್ನೊಂದು ನನ್ನದು,” ಎಂದ ಸೆವೆರಿನ್ ರೇಡಿಯೊದಲ್ಲಿ.

“ಹತ್ರ ಹೋಗ್ಬೇಡ್ವೋ!”

“ಊರು ಬಂದೇ ಬಿಡ್ತು ಅಣ್ಣಾ!”

ಅವನು ಹತ್ತಿರಕ್ಕೇ ಹೋಗಿ ಗುಂಡು ಸುರಿದ. ಕ್ಷಿಪಣಿ ಅವನ ಮೂಗಿನ ಮುಂದೆಯೇ ಸಿಡಿಯಿತು. ಬೆಂಕಿಯ ಉಂಡೆಯೊಳಗಿಂದ ವಿಮಾನ ಹೊರಬಂದು, ಮೇಲಕ್ಕೆ ಜಿಗಿದು, ಮೋಡದಲ್ಲಿ ಮುಳುಗಿತು.

“ಸೆವೆರಿನ್! ಬದುಕಿದ್ದೀಯಾ?”

ಒಂದಿಷ್ಟು ಹೊತ್ತು ಬರೀ ಗಾಳಿಯ ಕಿರುಚಾಟ. ಆಮೇಲೆ ಎಂಜಲೋ ರಕ್ತವೋ ತುಂಬಿದ ಬಾಯಿಯ ಮಾತು. “ಗಾಜು ಒಡೀತು ಅಣ್ಣಾ. ಒಂದು ಕಣ್ಣು ಹೋಯ್ತು ಅನ್ಸುತ್ತೆ. ಪರದೆಯೆಲ್ಲಾ ಕಪ್ಪು. ಆ ಸಣ್ಣ ದಿಗಂತ ಒಂದೇ ಬದುಕಿದೆ.”

“ಬಿಟ್ಟು ಜಿಗಿ! ಈಗ್ಲೇ!”

“ಎಂಜಿನ್ ಚೆನ್ನಾಗೇ ಇದೆ. ಇರೋವೇ ನಾಲ್ಕು ಹೊಸ ವಿಮಾನ, ಬಿಟ್ಟು ಬಂದ್ರೆ ಭಾವ ನನ್ನ ಸಿಗಿದು ಹಾಕ್ತಾನೆ.” ನಗಲು ಹೋಗಿ ಕೆಮ್ಮಿದ. “ಅಣ್ಣಾ, ತಲೆ ಗಿರ್ರ್ ಅಂತಿದೆ. ಹಳೇದು ಹೊಸದು ಎಲ್ಲಾ ಕಲಸಿಹೋಗಿದೆ. ಬಲಕ್ಕೆ ವಾಲಿದೆ ಇದು, ಜೋರಾಗಿ ವಾಲಿದೆ. ಯಾವ ಕಡೆ ತಿರುಗಿಸ್ಲಿ? ಬೇಗ ಹೇಳಿ.”

ಝೆನೊವಿ ಯೋಚಿಸಲಿಲ್ಲ. ಇಪ್ಪತ್ತು ವರ್ಷ ಇದೇ ಪ್ರಶ್ನೆಗೆ ಅವನ ಕೈ ಯೋಚಿಸದೆ ಉತ್ತರ ಕೊಟ್ಟಿತ್ತು. ಅದರಿಂದಲೇ ಅವನು ಬದುಕಿದ್ದ.

“ಎಡಕ್ಕೆ!”

“ಎಡಕ್ಕೆ. ಸರಿ ಅಣ್ಣಾ.”

ಆ ದನಿಯಲ್ಲಿ ಎಂಥ ನಿರಾಳ! ತಿರುಗಿಸಿದ. ಒಂದು ಉಸಿರಿನಷ್ಟು ಹೊತ್ತು ಕಳೆಯಿತು.

“ಅಣ್ಣಾ, ಗೆರೆ ಇನ್ನೂ ಇಳೀತಿದೆ...”

ಗೆರೆ. ಝೆನೊವಿಯ ಕಣ್ಣು ತನ್ನೆದುರಿನ ಉಪಕರಣದ ಮೇಲೆ ಬಿತ್ತು. ಅಲ್ಲಿ ವಾಲುವುದು ಗೊಂಬೆ.

“ಬಲಕ್ಕೆ! ಬಲಕ್ಕೆ ತಿರುಗಿಸೋ! ನನ್ನ ಮಾತು ಕೇಳ್ಬೇಡ, ಬಲಕ್ಕೆ!”

ಮೋಡದ ಹೊಟ್ಟೆಯಿಂದ ವಿಮಾನ ಅಂಗಾತವಾಗಿ, ಮೂತಿ ಕೆಳಗಾಗಿ ಹೊರಬಿತ್ತು. ಸೂರ್ಯಕಾಂತಿ ಹೊಲದಲ್ಲಿ ಬೆಂಕಿ ಎದ್ದಿತು. ಝೆನೊವಿ ಅದರ ಮೇಲೆ ಸುತ್ತಿದ, ಮತ್ತೆ ಸುತ್ತಿದ. ಪ್ಯಾರಾಚೂಟಿನ ಬಿಳಿಯ ಬಟ್ಟೆ ಎಲ್ಲೂ ಹಾರಾಡಲಿಲ್ಲ. ರೇಡಿಯೊದಲ್ಲಿ ಬಲಕ್ಕೆ, ಬಲಕ್ಕೆ ಎಂದು ಅವನೇ ಅರಚುತ್ತಿದ್ದ.

ಇಳಿದು ಬಂದಾಗ ದಳದ ಮುಖ್ಯಸ್ಥ ಕರ್ನಲ್ ಪಾಲಿವೊದಾ ಹೆಗಲು ಹಿಡಿದುಕೊಂಡ. “ಸಿಡಿದ ಚೂರು ಬಡಿದು ಹೋದ, ಅಷ್ಟೇ. ನೀನೇನ್ ಮಾಡೋಕಾಗ್ತಿತ್ತು?”

ಅಷ್ಟಕ್ಕೆ ಬಿಡಬಹುದಿತ್ತು. ಯಾರೂ ಕೆದಕುತ್ತಿರಲಿಲ್ಲ. ಹೊರ್ದಿ ಪಕ್ಕದಲ್ಲೇ ನಿಂತಿದ್ದ, ಕೈಯಲ್ಲಿ ಎಣ್ಣೆಯ ಬಟ್ಟೆ, ಮುಖದಲ್ಲಿ ರಕ್ತವೇ ಇಲ್ಲ. ಆ ಮುಖ ನೋಡಿಕೊಂಡು ಸುಳ್ಳನ್ನು ನುಂಗಲು ಝೆನೊವಿಯಿಂದ ಆಗಲಿಲ್ಲ.

“ಚೂರಲ್ಲ. ನಾನು ಕೊಂದೆ ಹೊರ್ದಿ. ಯಾವ ಕಡೆ ಅಂತ ಕೇಳ್ದ. ಮಿಗ್‌ನ ಲೆಕ್ಕದಲ್ಲಿ ಹೇಳ್ಬಿಟ್ಟೆ.”

ಹೊರ್ದಿಗೆ ತಕ್ಷಣ ಅರ್ಥವಾಯಿತು. ಆ ಅಂಗಳದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಮೊದಲ ಏಟು ಬಾಯಿಗೆ ಬಿತ್ತು, ಎರಡನೆಯದು ಪಕ್ಕೆಗೆ. ಝೆನೊವಿ ಕಾಂಕ್ರೀಟಿನ ಮೇಲೆ ಬಿದ್ದ, ಕೈ ಎತ್ತಲಿಲ್ಲ. ಹೊರ್ದಿ ಅವನ ಎದೆಯ ಮೇಲೆ ಕೂತು ಗುದ್ದಿದ. “ಜಂಬ! ಬೋಳೀಮಗನೆ, ನಿನ್ನ ಜಂಬ! ಹೋಗಿ ಕಲಿಯೋಕೆ ಏನು ರೋಗ ಬಂದಿತ್ತು ನಿಂಗೆ? ಅವನ ಅಕ್ಕನಿಗೆ ಏನಂತ ಹೇಳ್ಲಿ? ಹೇಳೋ!” ಹಲ್ಲೊಂದು ಮುರಿದು ಗಂಟಲಿಗೆ ಹೋಯಿತು. ನಾಲ್ವರು ಸೇರಿ ಎಳೆಯಬೇಕಾಯಿತು. ಎಳೆದವರ ಕೈಯಲ್ಲೇ ಹೊರ್ದಿ ಕುಸಿದು ಮಗುವಿನಂತೆ ಗೋಳೋ ಎಂದು ಅತ್ತ.

ಆಗ ಮತ್ತೆ ಸೈರನ್. ಎರಡನೆಯ ಅಲೆ, ಅದೇ ಊರಿನ ಕಡೆಗೆ. ತೈಲ ತುಂಬಿ ತಯಾರಿದ್ದದ್ದು ಒಂದೇ ಒಂದು ಮಿಗ್. ಅದನ್ನು ಹಾರಿಸುವವರು ಸದ್ಯಕ್ಕೆ ಆ ನೆಲದ ಮೇಲೆ ಒಬ್ಬನೇ.

ಝೆನೊವಿ ಎದ್ದು ರಕ್ತ ಉಗಿದು ಏಣಿ ಹತ್ತಿದ. ರಕ್ತದ ಬೆರಳು ಜಾರಿ ಆಸನದ ಪಟ್ಟಿಯ ಕೊಂಡಿ ಕೂರಲೊಲ್ಲದು. ಆಗ ಯಾರೋ ಏಣಿ ಹತ್ತಿದ ಸದ್ದಾಯಿತು. ಹೊರ್ದಿ. ಅವನ ಕೈಯನ್ನು ಅತ್ತ ತಳ್ಳಿ, ಪಟ್ಟಿಗಳನ್ನು ಒಂದೊಂದಾಗಿ ಬಿಗಿದ. ಎಣ್ಣೆಯ ಬಟ್ಟೆಯಿಂದ ಹುಬ್ಬಿನ ರಕ್ತ ಒರೆಸಿದ. ಒರಟಾಗಿಯೇ ಒರೆಸಿದ, ಆದರೆ ಕಣ್ಣಿಗೆ ಇಳಿಯದಂತೆ.

“ಆ ಊರಲ್ಲೇ ಇದ್ದಾಳೆ ನನ್ನ ಹೆಂಡ್ತಿ. ತಮ್ಮ ಸತ್ತದ್ದು ಅವಳಿಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋಕೆ ಅವಳು ಬದುಕಿರಬೇಕು,” ಎಂದ. “ಹೋಗಿ ಹೊಡಿ. ಆಮೇಲೆ ವಾಪಸ್ ಬಾ. ಇನ್ನೂ ಮುಗಿದಿಲ್ಲ ನಂದು.”

“ಬರ್ತೀನಿ,” ಎಂದ ಝೆನೊವಿ.

ಹೊರ್ದಿ ಗಾಜಿನ ಮುಚ್ಚಳ ಎಳೆದು ಕೆಳಗಿಳಿದು, ಏಣಿ ತೆಗೆದು ದಾರಿ ಬಿಟ್ಟ.