ಥೆಲ್ಮಾಳ ಹಾಡು, ಪೌಲಾಳ ಕೊರಳು

ಶವಪೆಟ್ಟಿಗೆ ಗಾಡಿಯಿಂದ ಅರ್ಧ ಹೊರಬಂದಿತ್ತು. ಹೊರುವವರಲ್ಲಿ ಒಬ್ಬರು ಕಡಿಮೆ. ಏಡಾಳ ಗಂಡ ಸೊಂಟ ಹಿಡಿದುಕೊಂಡು ಬೇಲಿಗೆ ಒರಗಿಬಿಟ್ಟಿದ್ದ. ಏಡಾ ಸುತ್ತ ನೋಡಿದಳು. ಗೇಟಿನ ಬಳಿ ಲೆನ್ ನಿಂತಿದ್ದ. ತೀರಿಕೊಂಡ ಅವಳ ತಂಗಿ ಥೆಲ್ಮಾಳ ತಂಡದಲ್ಲಿ ಪಿಯಾನೋ ನುಡಿಸುತ್ತಿದ್ದವನು, ಒಂದು ಕಾಲಕ್ಕೆ ಥೆಲ್ಮಾಳ ಗಂಡ. ಏಡಾ ಅವನ ಜೊತೆ ಮಾತು ಬಿಟ್ಟು ಮೂವತ್ತು ವರ್ಷವಾಗಿತ್ತು.

“ಏನ್ ನೋಡ್ತಾ ನಿಂತಿದ್ದೀಯ? ಬಾ, ಹೆಗಲು ಕೊಡು. ಬದುಕಿದ್ದಾಗಂತೂ ಕೊಡ್ಲಿಲ್ಲ.”

ಲೆನ್ ಬಂದು ಹೆಗಲು ಕೊಟ್ಟ.

ಇಂಗ್ಲೆಂಡಿನ ಕಡಲತೀರದ ಫ್ಲೀಟ್‌ವುಡ್‌ನ ಅರ್ಧ ಊರೇ ಬಂದಿತ್ತು. ಥೆಲ್ಮಾ ಬರೆದು ಹಾಡಿದ ಒಂದು ಹಾಡು ಒಂದು ಬೇಸಿಗೆಯಿಡೀ ದೇಶದ ರೇಡಿಯೋಗಳಲ್ಲೆಲ್ಲ ಮೊಳಗಿತ್ತು. ಮರುವರ್ಷ ಗಂಟಲು ಹೋಯಿತು. ಶಸ್ತ್ರಚಿಕಿತ್ಸೆಯ ನಂತರ ಉಳಿದದ್ದು ಬರೀ ಕೀರಲು ದನಿ. ಊರಿಗೆ ಮರಳಿ ಟ್ರಾಮಿನಲ್ಲಿ ಕಂಡಕ್ಟರ್ ಆದಳು. “ನೀನು ಆ ಥೆಲ್ಮಾ ಅಲ್ವಾ?” ಎಂದು ಯಾರಾದರೂ ಕೇಳಿದರೆ, “ಅವಳು ಇಷ್ಟು ದಪ್ಪ ಇರ್ಲಿಲ್ಲಪ್ಪ, ಟಿಕೆಟ್ ತಗೋ” ಎನ್ನುತ್ತಿದ್ದಳು.

ಮಣ್ಣು ಮುಗಿದ ಮೇಲೆ ಮೀನುಗಾರರ ಕ್ಲಬ್ಬಿನಲ್ಲಿ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್. ಏಡಾ ಲೆನ್‌ನ ಎದುರು ಕುರ್ಚಿ ಎಳೆದುಕೊಂಡು ಕೂತಳು.

“ಅವಳ ಗಂಟಲು ಹೋದ ದಿನಾನೇ ಆ ಪೌಲಾನ ನಿಲ್ಲಿಸಿ ಹಾಡಿಸಿದ್ಯಲ್ಲೋ. ಅವಳದೇ ಹಾಡು, ಅವಳದೇ ಗೌನು.”

“ಗೌನು ಕೊಟ್ಟಿದ್ದು ನಾನಲ್ಲ, ಏಡಾ.”

*

ಮೂವತ್ತು ವರ್ಷದ ಹಿಂದೆ, ಗ್ಲಾಸ್ಗೋದ ರಂಗಮಂದಿರದಲ್ಲಿ ಜನ ನೆಲಕ್ಕೆ ಕಾಲು ಬಡಿಯುತ್ತಿದ್ದರು. ಪರದೆಯ ಹಿಂದೆ ಥೆಲ್ಮಾ ಬಾಯಿ ತೆರೆದಳು. ಬರೀ ಗಾಳಿ ಬಂತು. “ಸಾಕು, ಮನೆಗೆ ಹೋಗೋಣ” ಎಂದ ಲೆನ್. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಮಿನುಗುವ ಗೌನು ಕಳಚಿ, ಹಿಂದೆ ನಿಂತು ದನಿಗೂಡಿಸುತ್ತಿದ್ದ ಹುಡುಗಿ ಪೌಲಾಳಿಗೆ ತೊಡಿಸಿ, ಬೆನ್ನಿನ ಗುಂಡಿಗಳನ್ನು ತಾನೇ ಹಾಕಿದಳು. ಒಳಲಂಗದ ಮೇಲೆ ಲೆನ್‌ನ ಕೋಟು ಸುತ್ತಿಕೊಂಡು, ಅವನನ್ನು ಎರಡೂ ಕೈಯಿಂದ ವೇದಿಕೆಗೆ ನೂಕಿದಳು. ಹಾಡು ಮುಗಿಯುವವರೆಗೂ ಪರದೆಯ ಮರೆಯಲ್ಲಿ ಅವಳ ತುಟಿಗಳು ಆಡುತ್ತಲೇ ಇದ್ದವು.

*

“ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?”

“ಹೇಳ್ಬೇಡ ಅಂದ್ಲು. ‘ಊರೋರು ಅಯ್ಯೋ ಪಾಪ ಅಂತ ನನ್ನ ನೋಡೋದಕ್ಕಿಂತ ನಿನ್ನ ಬೈಕೊಂಡಿರ್ಲಿ’ ಅಂದ್ಲು. ಆಮೇಲೆ ಪೌಲಾ ಹಾಡಿದ್ದೆಲ್ಲ ಥೆಲ್ಮಾ ಕಟ್ಟಿಕೊಟ್ಟಿದ್ದೇ.”

“ಎಲ್ಲಿ, ಟ್ರಾಮಲ್ಲಿ ಕೂತ್ಕೊಂಡಾ?”

“ನಿಂತ್ಕೊಂಡು. ಕಂಡಕ್ಟರ್ ಕೂರೋ ಹಾಗಿಲ್ವಲ್ಲ.”

ಏಡಾ ಕಪ್ಪನ್ನು ಕೆಳಗಿಟ್ಟಳು. “ಮೂವತ್ತು ವರ್ಷ ಬೈದೆನಲ್ಲೋ ನಿನ್ನ.”

“ಚೆನ್ನಾಗೇ ಬೈದೆ. ನೀನು ಬೈದಿದ್ದೆಲ್ಲ ಥೆಲ್ಮಾ ಫೋನಲ್ಲಿ ನಂಗೆ ಒಪ್ಪಿಸ್ತಿದ್ಲು. ನಕ್ಕು ನಕ್ಕು ಅವಳಿಗೆ ಕೆಮ್ಮು ಬರ್ತಿತ್ತು.”

ಏಡಾಳಿಗೆ ನಗು ಬಂತು; ಅದರ ಹಿಂದೆಯೇ ಅಳು. ಅಷ್ಟರಲ್ಲಿ ಥೆಲ್ಮಾಳ ಜೊತೆ ಟ್ರಾಮಿನಲ್ಲಿ ಕೆಲಸ ಮಾಡಿದವರು ಲೆನ್‌ನನ್ನು ಎಬ್ಬಿಸಿ ಮೂಲೆಯ ಪಿಯಾನೋ ಎದುರು ಕೂರಿಸಿದರು. ಥೆಲ್ಮಾಳ ಹಾಡು ಎಲ್ಲರಿಗೂ ಬಾಯಿಪಾಠ; ಕೋಣೆಯಿಡೀ ಹಾಡತೊಡಗಿತು. ಏಡಾ ಶಾಲೆ ಬಿಟ್ಟ ಮೇಲೆ ಹಾಡಿದವಳಲ್ಲ. ಎರಡನೆಯ ಸಾಲಿಗೆ ಬಾಯಿ ತೆರೆದಳು. ದನಿ ಅಷ್ಟು ಎತ್ತರಕ್ಕೆ ಏರದೆ ಒಡೆಯಿತು. ಲೆನ್ ತಿರುಗಿ ನೋಡಿದ. ನುಡಿಸುವುದನ್ನು ನಿಲ್ಲಿಸದೆಯೇ, ಅವಳಿಗೆ ಎಟುಕುವಂತೆ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದ. ಇಡೀ ಕೋಣೆ ಒಂದು ಗಳಿಗೆ ಎಡವಿತು. ಆಮೇಲೆ ಎಲ್ಲರೂ ಏಡಾಳ ದನಿ ಇದ್ದಲ್ಲಿಗೆ ಇಳಿದುಬಂದರು.