ಹುಳುಮನೆಯ ಮಾತು

ಚಿಕ್ಕಬೀರಪ್ಪ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಮೂಟೆ ಹೊತ್ತು ತಂದು ಪಡಸಾಲೆಯಲ್ಲಿ ಇಳಿಸಿದಾಗ ಬಿಸಿಲು ಇನ್ನೂ ಏರಿರಲಿಲ್ಲ. ಅವನ ಹೆಂಡತಿ ಮುನಿಗಂಗಮ್ಮ ಸೊಪ್ಪು ಹೆಚ್ಚಲು ಕೂರಲಿಲ್ಲ. ಒಂದೊಂದೇ ಎಲೆ ಎತ್ತಿ, ಮೂಸಿ, ಪಕ್ಕಕ್ಕೆ ಎಸೆಯತೊಡಗಿದಳು.

"ಯಾಕೆ, ಬಾಡೈತಾ?" ಎಂದ.

"ವಿಷ ಹಾಕವ್ರೆ," ಎಂದಳು ಮೆಲ್ಲಗೆ. "ನಿಮ್ಮವ್ವನೇ ಹಾಕಿರೋದು."

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಅತ್ತೆ ದ್ಯಾವಮ್ಮನ ಕೈ ನಿಂತಿತು.

ಅದು ಎರಡನೆಯ ಮಹಾಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ದೇವನಹಳ್ಳಿ ಸುತ್ತಿನ ಊರುಗಳಲ್ಲೆಲ್ಲ ಹುಳು ಸಾಕುವ ಭರಾಟೆ. ಚಿಕ್ಕಬೀರಪ್ಪ ಒಂದು ಬೆಳೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಮೊಟ್ಟೆ ತಂದಿದ್ದ. ಹಗಲು ಹೊಲ, ತೋಟ ಅವನದು. ರಾತ್ರಿ ಎದ್ದೆದ್ದು ಹುಳುಮನೆಗೆ ಹೋಗಿ ಹುಳುಗಳಿಗೆ ಸೊಪ್ಪು ಹಾಕುವುದು, ಇಲಿ ಇರುವೆ ಬಾರದಂತೆ ಕಾಯುವುದು ಮುನಿಗಂಗಮ್ಮನದು. ಮೊದಮೊದಲು ನಿದ್ದೆಗೆಟ್ಟು ತೂಕಡಿಸುತ್ತಿದ್ದಳು. ಬರಬರುತ್ತ ಮಲಗಿದರೂ ನಿದ್ದೆ ಹತ್ತದಾಯಿತು. ಕೊನೆಗೆ, ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದಿನೊಳಗಿಂದ ಯಾರೋ ಮಾತನಾಡುವುದು, ಅತ್ತೆ ವಿಷ ಹಾಕುತ್ತಾಳೆ ಎನ್ನುವುದು ಕೇಳತೊಡಗಿತು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಮಗ್ಗುಲಲ್ಲೇ ಕೂತು ಉಣ್ಣುತ್ತಿದ್ದವಳು ಈಗ ಅವಳು ಮಾಡಿದ ಅಡುಗೆ ಮುಟ್ಟುತ್ತಿರಲಿಲ್ಲ.

ಗಾಳಿ ಸೋಕಿದೆ ಎಂದರು ಊರವರು. ಅಂಥವರನ್ನು ಕಂಬಕ್ಕೆ ಕಟ್ಟಿ ದೆವ್ವ ಬಿಡಿಸುವ ಜಾಗವೊಂದನ್ನೂ ಹೇಳಿದರು. ದ್ಯಾವಮ್ಮ ಮಗನಿಂದ ಗಾಡಿ ಕಟ್ಟಿಸಿದಳು. ಸೊಪ್ಪು ಹೆಚ್ಚುವಾಗ ಕುಯ್ದುಕೊಂಡಿದ್ದ ಸೊಸೆಯ ಬೆರಳು ಕೀವು ತುಂಬಿ ಬಾತಿತ್ತು. ದಾರಿಯಲ್ಲಿ ದೇವನಹಳ್ಳಿ ಆಸ್ಪತ್ರೆಯಲ್ಲಿ ಅದಕ್ಕೊಂದು ಪಟ್ಟಿ ಕಟ್ಟಿಸಿಕೊಂಡು ಮುಂದೆ ಹೋಗೋಣವೆಂದ ಚಿಕ್ಕಬೀರಪ್ಪ.

ಅಲ್ಲಿನ ಡಾಕ್ಟರು ಹಿಂದೆ ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯವರನ್ನು ನೋಡಿದ್ದವರು. ಬೆರಳು ತೊಳೆಯುತ್ತಲೇ ಅವಳ ಕೆಂಪು ಕಣ್ಣುಗಳನ್ನು ಗಮನಿಸಿದರು.

"ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತು ತಾಯಿ?"

ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಮುನಿಗಂಗಮ್ಮ ಹುಳುಮನೆಯ ಮಾತು, ವಿಷ, ಎಲ್ಲವನ್ನೂ ತಡೆತಡೆದು ಹೇಳಿದಳು. ಡಾಕ್ಟರು ನಗಲಿಲ್ಲ, ಸುಳ್ಳೆನ್ನಲೂ ಇಲ್ಲ. "ಒಬ್ಬಳೇ ಕೂತು ಅದನ್ನ ಕೇಳೋಕೆ ತುಂಬ ಹೆದರಿಕೆ ಆಗಿರ್ಬೇಕು," ಎಂದರು. ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ದ್ಯಾವಮ್ಮನಿಗೆ ತಡೆಯಲಾಗಲಿಲ್ಲ. "ನಾನು ವಿಷ ಇಕ್ತೀನಂತೆ ಸ್ವಾಮಿ. ಹೆತ್ತ ಮಗಳಂಗೆ ನೋಡ್ಕೊಂಡಿವ್ನಿ. ಇದು ಗಾಳಿ ಅಲ್ದೆ ಇನ್ನೇನು?"

"ನಿದ್ದೆ ಬಹಳ ಕೆಟ್ರೆ ಮನಸ್ಸು ಎಚ್ಚರದಲ್ಲೇ ಕನಸು ಕಾಣೋಕೆ ಶುರು ಮಾಡುತ್ತಮ್ಮ. ಎಲ್ಲಾ ಅದ್ರಿಂದ್ಲೇ ಅಂತ ನಾನೂ ಹೇಳಲಾರೆ. ಆದ್ರೆ ಮೊದ್ಲು ನಿದ್ದೆ ಬರಲಿ. ದೇವ್ರಿಗೆ ಕೈ ಮುಗೀರಿ, ಬೇಡ ಅನ್ನಲ್ಲ. ಕಂಬಕ್ಕೆ ಕಟ್ಟಿದ್ರೆ ಈಕೆ ಮಲಗೋದು ಹೇಗೆ?"

ದ್ಯಾವಮ್ಮ ಸೊಸೆಯ ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಮಗನಿಗೆ, "ಗಾಡಿ ಊರ ಕಡೀಕೆ ತಿರುಗ್ಸಪ್ಪ," ಎಂದಳು.

ಕೆಲವು ದಿನಕ್ಕೆ ನಿದ್ದೆಯ ಔಷಧಿ ಸಿಕ್ಕಿತು. ಮುನಿಗಂಗಮ್ಮನ ಚಾಪೆ ಹುಳುಮನೆಯಿಂದ ದೂರ, ಅತ್ತೆಯ ಚಾಪೆಯ ಪಕ್ಕಕ್ಕೆ ಬಂತು. ರಾತ್ರಿಯ ಸೊಪ್ಪು ಗಂಡನ ಪಾಲಿಗೆ ಬಿತ್ತು. ಡಾಕ್ಟರು ವಾದ ಮಾಡಬೇಡಿ ಎಂದಿದ್ದರಿಂದ ದ್ಯಾವಮ್ಮ ವಿಷದ ಮಾತೆತ್ತಲಿಲ್ಲ. ಸೊಸೆಯ ತಟ್ಟೆಯಿಂದಲೇ ಒಂದು ತುತ್ತು ಮುರಿದು ತಾನು ನುಂಗಿ, ತಟ್ಟೆಯನ್ನು ಅವಳತ್ತ ಸರಿಸುತ್ತಿದ್ದಳು. ಮೊದಲ ಎರಡು ದಿನ ಮುನಿಗಂಗಮ್ಮ ಮುಖ ತಿರುಗಿಸಿದಳು. ಮೂರನೆಯ ದಿನ ಉಂಡಳು.

ವಾರಕ್ಕೊಮ್ಮೆ ಡಾಕ್ಟರ ಬಳಿ ಹೋಗಿ ಕೂತು ಮಾತನಾಡುವುದೂ ಚಿಕಿತ್ಸೆಯೇ ಆಗಿತ್ತು. ಒಮ್ಮೆ ಅವರು, "ಆ ದನಿ ಹೇಳೋದು ನಿಜವೋ ಅಲ್ವೋ, ನೀವೇ ಹೇಗೆ ನೋಡ್ತೀರಿ?" ಎಂದು ಕೇಳಿದರು. ಅವಳು ಯೋಚಿಸಿ, "ಅತ್ತೆ ಮುಟ್ಟಿದ ಸೊಪ್ಪನ್ನ ಒಂದು ಸಣ್ಣ ತಟ್ಟೆ ಹುಳಕ್ಕೆ ಮಾತ್ರ ಹಾಕ್ತೀನಿ. ವಿಷ ಇದ್ರೆ ಸಾಯ್ತವೆ," ಎಂದಳು. ಹಾಕಿದಳು. ಆ ಹುಳುಗಳು ಪೊರೆ ಬಿಡುವ ಜ್ವರ ಕಳೆದು, ಬಲಿತು ಹಣ್ಣಾಗಿ, ಗೂಡು ಕಟ್ಟಿದವು. ಅಂದು ಅವಳು ಬಂದು ಅತ್ತೆಯ ಕಾಲ ಬಳಿ ಕೂತಳು. ದ್ಯಾವಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಸಿಕ್ಕುಗಟ್ಟಿದ ಕೂದಲು ಬಿಡಿಸಿದಳು.

ಮುಂದಿನ ಬೆಳೆಗೆ ಚಿಕ್ಕಬೀರಪ್ಪ ಅರ್ಧದಷ್ಟೇ ಮೊಟ್ಟೆ ತಂದ.

"ಇಂಥಾ ರೇಟು ಮತ್ತೆ ಬರ್ತದೇನ್ಲಾ?" ಎಂದ ಪಕ್ಕದ ತೋಟದ ಗಂಗಣ್ಣ.

"ಬರ್ದಿದ್ರೆ ಬ್ಯಾಡ ಕಣಣ್ಣ. ರಾತ್ರಿ ಮನೇಲಿ ಎಲ್ರೂ ಮಲಗ್ಬೇಕು."

ಆ ದನಿ ಪೂರ್ತಿ ಹೋಗಲಿಲ್ಲ. ಒಂದು ಮಧ್ಯಾಹ್ನ ಮುನಿಗಂಗಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಬಂದಳು.

"ಅತ್ತೆ, ಎರಡು ರಾತ್ರಿಯಿಂದ ನಿದ್ದೆ ಸರಿ ಇಲ್ಲ. ಈಗ ಮತ್ತೆ ಕೇಳಿಸ್ತು."

"ಏನಂತು?"

"ನನ್ನ ಹೆಸರು ಕರೀತು. ಮಲಗೆದ್ದು ಬರ್ತೀನಿ, ಆಮೇಲೆ ಮಾತಾಡು ಅಂದೆ."

ದ್ಯಾವಮ್ಮನಿಗೆ ನಗು ಬಂತು. ಸೊಸೆಯೂ ನಕ್ಕಳು. ನಡುಮನೆಯಲ್ಲಿ ಚಾಪೆ ಹಾಸಿ, ಅವಳು ಮಲಗಿದ ಮೇಲೆ ಬಾಗಿಲು ಓರೆ ಮಾಡಿ, ದ್ಯಾವಮ್ಮ ಹೊಸಿಲ ಮೇಲೆ ಕೂತು ಸೊಪ್ಪು ಹೆಚ್ಚತೊಡಗಿದಳು. ಅಷ್ಟರಲ್ಲಿ ಕೇರಿಯ ಮುನಿತಾಯಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು, ಒಳಗೆ ಇಣುಕಿ, "ಇದೇನು, ಮನೆ ಸೊಸೆ ಹಾಡುಹಗಲೇ ಮಲಗವ್ಳೆ?" ಎಂದು ಮೂಗಿನ ಮೇಲೆ ಬೆರಳಿಟ್ಟಳು.

"ಊಂ, ಮಲಗವ್ಳೆ. ಮಜ್ಜಿಗೆ ನಾನೇ ತಂದ್ಕೊಡ್ತೀನಿ," ಎಂದಳು ದ್ಯಾವಮ್ಮ ದನಿ ತಗ್ಗಿಸಿ. "ನೀನು ಸ್ವಲ್ಪ ಮೆಲ್ಲಗೆ ಮಾತಾಡು."