ಈಶ್ವರಮ್ಮನ ಹೂಂ

ಭದ್ರಾವತಿಯ ಹಳೇನಗರದಲ್ಲಿ ಶನಿವಾರ ಸಂಜೆ ಕಾವ್ಯ ಓದಲು ಕೂತವರು, ಪುಸ್ತಕ ಬಿಚ್ಚುವ ಮೊದಲು ಒಮ್ಮೆ ಗುಡಿಯ ಕಂಬದ ಕಡೆ ನೋಡುತ್ತಾರೆ. ಅಲ್ಲಿ ಈಶ್ವರಮ್ಮ ಕೂತಿದ್ದರೆ ಸರಿ, ಇಲ್ಲದಿದ್ದರೆ ದನಿಯೇ ಏಳುವುದಿಲ್ಲ. ಅವರು ಹಾಡುವವರಲ್ಲ, ಅರ್ಥ ಹೇಳುವವರೂ ಅಲ್ಲ. ಪದ್ಯ ಮುಗಿದಾಗ 'ಹೂಂ' ಅನ್ನುತ್ತಾರೆ, ಅಷ್ಟೇ. ಆದರೆ ಆ ಹೂಂ ಬಿತ್ತೆಂದರೆ ಪದ್ಯ ಮನೆ ಸೇರಿತು ಅಂತ.

ಇದನ್ನು ಕಲಿಸಿದವರು ಅಪ್ಪ ನಾಗಯ್ಯ. ಕಾರ್ಖಾನೆಯ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ದೀಪ ಹಚ್ಚಿ, ಬಾಯಿಪಾಠದ ಪದ್ಯಗಳನ್ನು ರಾಗವಾಗಿ ಹೇಳೋರು. ಹೂಂಗುಟ್ಟುವ ಕೆಲಸ ಮಗಳದು. ತೂಕಡಿಸುತ್ತ ಹೂಂ ಅಂದರೆ ಅಲ್ಲಿಗೇ ನಿಲ್ಲಿಸಿ, "ಕಳ್ಳ ಹೂಂ ಬೇಡ ಕಣಮ್ಮ, ದೇವರು ಕೇಳಿಸ್ಕೊಳ್ತಾನೆ" ಅನ್ನೋರು. ಅಂದಿನಿಂದ ತಮ್ಮ ಮನಸ್ಸಿಗೆ ಇಳಿಯದ ಮಾತಿಗೆ ಈಶ್ವರಮ್ಮ ಹೂಂ ಅಂದವರಲ್ಲ.

ಅಣ್ಣನ ಮಗ ಶಿವಪ್ರಸಾದನಿಗೆ ಈಗ ಬೇಕಾಗಿದ್ದು ಅದೇ ಹೂಂ. ಜಗತ್ತನ್ನು ಬದಲಿಸಿದ ವಿಚಾರಗಳು, ನಾಯಕತ್ವ ಅಂತೆಲ್ಲ ಪಾಠ ಹೇಳಲು ಶಿವಮೊಗ್ಗದಲ್ಲಿ ಒಂದು ಕೋಣೆ ಹಿಡಿದಿದ್ದ. ಕುರ್ಚಿಗಳಿದ್ದವು, ಕೂರುವವರಿರಲಿಲ್ಲ. ಅಂಥದ್ದರಲ್ಲಿ ಸವಳಂಗ ರಸ್ತೆಯ ವರ್ತಕರ ಸಂಘದವರು ಒಂದು ಭಾಷಣಕ್ಕೆ ಕರೆದಿದ್ದರು. ಮೆಚ್ಚಿದರೆ ಪ್ರತಿ ತಿಂಗಳೂ ಕರೆಯುವ ಮಾತಿತ್ತು.

"ಇದೂ ಕೈಕೊಟ್ರೆ ಸೋದರಮಾವನ ಟೈಲ್ಸ್ ಅಂಗಡೀಲಿ ಕೂತ್ಕೋತೀನಿ ಅತ್ತೆ. ನೀನು ಮುಂದಿನ ಸಾಲಲ್ಲಿ ಕೂತು ಹೂಂ ಅನ್ನು, ಸಾಕು."

"ಅರ್ಥ ಆದ್ರೆ ಅಂತೀನಿ."

"ಆಗದಿದ್ರೂ ಅನ್ನು ಮಾರಾಯ್ತಿ!"

ಈಶ್ವರಮ್ಮ ನಕ್ಕು, ದೇವರಿಗೆ ಎರಡು ಹೂವು ಹೆಚ್ಚಿಗೇ ಏರಿಸಿ ಬಸ್ಸು ಹತ್ತಿದರು.

ಸಂಘದ ಸಭಾಂಗಣ ತುಂಬಿತ್ತು. ಮುಂದಿನ ಸಾಲಲ್ಲಿ ಅಧ್ಯಕ್ಷ ದೇವರಾಜ್, ಸಿಮೆಂಟ್ ವ್ಯಾಪಾರಿ. ಪಕ್ಕದಲ್ಲಿ ಸಿಹಿ ಅಂಗಡಿಯ ಪರಶುರಾಮ. ಅದೇ ಸಾಲಿನ ತುದಿಗೆ ಈಶ್ವರಮ್ಮ. ಶಿವಪ್ರಸಾದ ಟೈ ಕಟ್ಟಿಕೊಂಡು ವೇದಿಕೆ ಹತ್ತಿದ. ಪರದೆಯ ಮೇಲೆ ಬಾಣದ ಗುರುತುಗಳು, ವೃತ್ತಗಳು, ನಾಯಕತ್ವದ ಸ್ತಂಭಗಳು. ಗ್ರೀಸಿನ ತತ್ತ್ವಜ್ಞಾನಿ ಬಂದ, ಹೋದ. ಇಟಲಿಯ ಚಿತ್ರಕಾರ ಬಂದ, ಹೋದ. ಅಶೋಕ ಯುದ್ಧ ಗೆದ್ದು, ಮರುಗಿ, ಒಂದೇ ಉಸಿರಿಗೆ ಸಂತನಾದ. ಒಬ್ಬೊಬ್ಬರನ್ನು ಕಳಿಸಿದಾಗಲೂ ಶಿವಪ್ರಸಾದ ಅತ್ತೆಯತ್ತ ನೋಡುತ್ತಿದ್ದ.

ಹೂಂ ಬರಲಿಲ್ಲ.

ದೇವರಾಜ್ ಮೊಬೈಲ್ ತೆಗೆದರು. ಪರಶುರಾಮ, "ಉಪ್ಪಿಟ್ಟು ಬಂತಾ?" ಅಂತ ಪಿಸುಗುಟ್ಟಿದ. ಶಿವಪ್ರಸಾದನ ದನಿ ಸಣ್ಣದಾಗುತ್ತ ಹೋಗಿ, ಒಂದು ಕಡೆ ನಿಂತೇಬಿಟ್ಟಿತು. ಈಶ್ವರಮ್ಮ ಕೂತಲ್ಲೇ ಮುಂದಕ್ಕೆ ಬಾಗಿದರು. ಎತ್ತಿ ಆಡಿಸಿದ ಕೂಸು. ಒಂದು ಹೂಂ ಅಂದರೆ ಗಂಟೇನು ಹೋಗುತ್ತೆ? ಬಾಯಿ ತೆರೆದರು. ಕಳ್ಳ ಹೂಂ ಹೊರಡಲಿಲ್ಲ. ಅದರ ಬದಲು, ಜನ್ಮದಲ್ಲಿ ಸಭೆಯೊಳಗೆ ಮಾತಾಡದ ಬಾಯಿಂದ ಮಾತೇ ಹೊರಬಿತ್ತು.

"ಪ್ರಸಾದಾ, ಅಶೋಕ ಯುದ್ಧ ಬಿಟ್ಟ ಅಂದ್ಯಲ್ಲ. ಮಾರನೇ ದಿನ ಬೆಳಿಗ್ಗೆ ಎದ್ದು ಏನು ಮಾಡಿದನಪ್ಪಾ?"

ಸಭೆ ಗೊಳ್ಳೆಂದಿತು. ಶಿವಪ್ರಸಾದನಿಗೂ ನಗು ತಡೆಯಲಾಗಲಿಲ್ಲ. ಟೈ ಸಡಿಲಿಸಿ, ವೇದಿಕೆ ಇಳಿದು, ಅತ್ತೆಯ ಎದುರಿಗೇ ಬಂದು ನಿಂತ.

"ಮಾರನೇ ದಿನದ್ದು ಯಾರಿಗೂ ಗೊತ್ತಿಲ್ಲ ಅತ್ತೆ. ಆದ್ರೆ ಒಂದು ಮಾತು ಬಂಡೆ ಮೇಲೆ ಬರೆಸಿದಾನೆ. ನಾನು ಊಟಕ್ಕೆ ಕೂತಿರಲಿ, ಒಳಮನೇಲಿರಲಿ, ತೋಟದಲ್ಲಿರಲಿ, ಪ್ರಜೆಗಳ ವಿಷಯ ಬಂದ್ರೆ ಅಲ್ಲಿಗೇ ಬಂದು ಹೇಳಿ ಅಂತ."

"ಊಟದ ಮಧ್ಯೆನೂ?" ದೇವರಾಜ್ ಮೊಬೈಲ್ ಕೆಳಗಿಟ್ಟರು.

"ಊಟದ ಮಧ್ಯೆನೂ."

"ಹೂಂ" ಅಂದರು ಈಶ್ವರಮ್ಮ.

ಹಿಂದಿನ ಸಾಲಿಂದ ದೇವರಾಜರ ಹೆಂಡತಿ ಸುಪ್ರಿಯಾ, "ನಮ್ಮನೆ ಚಕ್ರವರ್ತಿನ ಊಟದ ಮಧ್ಯೆ ಮಾತಾಡಿಸಿ ನೋಡಿ, ತಟ್ಟೆನೇ ಹಾರುತ್ತೆ!" ಅಂದರು. ನಗು ಚಾವಣಿ ಮುಟ್ಟಿತು.

ಆಮೇಲೆ ಪರದೆಯ ಕಡೆ ಯಾರೂ ತಿರುಗಲಿಲ್ಲ. ಹೊಯ್ಸಳರ ಶಿಲ್ಪಿಗಳು ಎಷ್ಟೋ ಗುಡಿಗಳಲ್ಲಿ ಮೂರ್ತಿಯ ಅಡಿಗೆ ತಮ್ಮ ಹೆಸರು ಕೆತ್ತಿದ್ದಾರೆ, ಕೈಕೆಲಸದವನ ಹೆಸರು ಉಳಿಯಲು ಬಿಡುವುದೂ ದೊಡ್ಡತನವೇ, ಅಂದ ಶಿವಪ್ರಸಾದ.

"ಹಾಗಾದ್ರೆ ನಮ್ಮ ಮೈಸೂರ್ ಪಾಕ್ ಮೇಲೆ ಅಡಿಗೆ ಭಟ್ಟರ ಹೆಸರು ಕೆತ್ತಿಸ್ಬೇಕಾ?" ಪರಶುರಾಮ ಕೇಳಿದ.

"ಕೆತ್ತಿಸು ಮಾರಾಯ, ಅಷ್ಟು ಗಟ್ಟಿ ಕಲ್ಲು ಹೊಯ್ಸಳರಿಗೂ ಸಿಕ್ಕಿರ್ಲಿಕ್ಕಿಲ್ಲ!" ಅಂದರು ದೇವರಾಜ್.

ಪರಶುರಾಮ ಎಲ್ಲರಿಗಿಂತ ಜೋರಾಗಿ ನಕ್ಕ. ಆದರೂ ನಗು ಇಳಿದ ಮೇಲೆ, "ಭಟ್ಟರ ಹೆಸರು ಬೋರ್ಡ್ ಮೇಲೆ ಬರೆಸಬಹುದು, ಅಲ್ವಾ?" ಅಂತ ಸಾಲಿಗೆಲ್ಲ ಕೇಳುವಂತೆ ಅಂದ. ಅದಕ್ಕೂ ಒಂದು ಹೂಂ ಬಿತ್ತು. ಈ ಸಲ ಅಂದವರು ಈಶ್ವರಮ್ಮ ಒಬ್ಬರೇ ಅಲ್ಲ. ಇಡೀ ಸಾಲೇ ಹೂಂಗುಟ್ಟಿತು. ಆಚೆ ಉಪ್ಪಿಟ್ಟು ತಣ್ಣಗಾಗುತ್ತಿತ್ತು.

ಹೊರಡುವಾಗ ದೇವರಾಜ್ ಶಿವಪ್ರಸಾದನ ಕೈ ಹಿಡಿದುಕೊಂಡರು. "ಪ್ರತಿ ತಿಂಗಳೂ ನೀವೇ ಬರ್ಬೇಕು. ಆದ್ರೆ ಒಬ್ರೇ ಬಂದ್ರೆ ಒಳಗೆ ಬಿಡಲ್ಲ. ಅತ್ತೆಯೋರೂ ಬರ್ಬೇಕು."

ಭದ್ರಾವತಿ ಬಸ್ಸಿನಲ್ಲಿ ಶಿವಪ್ರಸಾದನ ಬಾಯಿ ನಿಲ್ಲಲಿಲ್ಲ. ಮುಂದಿನ ತಿಂಗಳು ಯಾರ ಕತೆ, ಅದರ ಮುಂದಿನ ತಿಂಗಳು ಯಾರ ಕತೆ! ಕೊನೆಗೆ ಮೆಲ್ಲಗೆ ಕೇಳಿದ.

"ಅತ್ತೆ, ಆ ಬಾಣದ ಗುರುತು, ಸ್ತಂಭ ಎಲ್ಲ ಹೇಳಿದ್ನಲ್ಲ, ಅದೂ ಚೆನ್ನಾಗೇ ಇತ್ತು, ಅಲ್ವಾ?"

ಈಶ್ವರಮ್ಮ ಕಿಟಕಿಯತ್ತ ಮುಖ ತಿರುಗಿಸಿದರು.

"ಸರಿ ಬಿಡು. ವೇದಿಕೆ ಇಳಿದು ಬಂದ ಮೇಲೆ ಹೇಳಿದ್ದು?"

"ಹೂಂ."